ಕರ್ನಲ್ ಸಾಹೇಬರ ಹುಕುಂ, ಹವಾಲ್ದಾರನ ನಿದ್ದೆ

ಮಲಗಿದವರ ಉಸಿರನ್ನು ತಾನು ಮಲಗದೆ ಕಾಯುವ ಶಿವನಿಗೆ ಶರಣು.

ನಿವೃತ್ತ ಹವಾಲ್ದಾರ್ ಫಕೀರಪ್ಪನಿಗೆ ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತು. ಎಲ್ಲಿ ಹೋಗಿಬಿಡುತ್ತಾನೋ ಎಂದು ಹೆಂಡತಿ ದೇವಕ್ಕ ಪಕ್ಕದಲ್ಲೇ ಕೂತು ತಟ್ಟಿ ಎಬ್ಬಿಸುತ್ತಿದ್ದಳು. ಇದು ಸೇವೆಯಲ್ಲಿದ್ದಾಗ ಬಂದ ಕಾಯಿಲೆ ಎಂದು ಸೈನ್ಯದ ವೈದ್ಯರು ಒಪ್ಪಿದರೆ ಅಂಗವೈಕಲ್ಯದ ಪಿಂಚಣಿಯೂ, ಮೂಗಿಗೆ ಗಾಳಿ ಊದುವ ಯಂತ್ರವೂ ಸಿಗುತ್ತಿದ್ದವು.

ತಪಾಸಣೆ ಮಾಡಲು ಕೂತ ವೈದ್ಯರು, ಕರ್ನಲ್ ಸಾಹೇಬರು, ನಕ್ಕರು. "ಗೊರಕೆಗೆಲ್ಲ ಪಿಂಚಣಿ ಅಂದರೆ ನಮ್ಮ ಮಾವನವರಿಗೂ ಕೊಡಬೇಕಾಗುತ್ತದೆ. ನೋಡಮ್ಮ, ಎಷ್ಟು ನೆಟ್ಟಗೆ ಕೂತಿದ್ದಾನೆ. ಅಂಗವೈಕಲ್ಯ ಶೇಕಡಾ ಸೊನ್ನೆ."

"ನೀವು ಎದುರಿಗೆ ಅದೀರಿ, ಅದಕ್ಕ ನೆಟ್ಟಗ ಕೂತಾರ್ರಿ," ಎಂದಳು ದೇವಕ್ಕ. "ಮಲಕೋ ಅಂತ ಹುಕುಂ ಕೊಡ್ರಿ. ಅಧಿಕಾರಿ ಮಾತು ಇವರು ಮೀರಂಗಿಲ್ಲ."

ಸಾಹೇಬರು ತಮಾಷೆಗೆ ಹುಕುಂ ಕೊಟ್ಟರು. ಫಕೀರಪ್ಪ ಕೂತಲ್ಲೇ ನಿದ್ದೆಹೋದ. ಗೊರಕೆ ಕೋಣೆಯನ್ನೆಲ್ಲ ತುಂಬಿತು, ಆಮೇಲೆ ಥಟ್ಟನೆ ನಿಂತೇಬಿಟ್ಟಿತು.

"ಈಗ ನೀವೂ ಉಸಿರು ಹಿಡೀರಿ ಸಾಹೇಬ್ರ. ಅವರು ಬಿಟ್ಟಾಗ ಬಿಡ್ರಿ."

ಸಾಹೇಬರು ಠೀವಿಯಿಂದ ಮೂಗು ಹಿಡಿದರು. ಮುಖ ಕೆಂಪಾಯಿತು, ಕಣ್ಣು ಮೇಲಾಯಿತು, ಕಾಲು ಮೇಜಿನಡಿ ಕುಣಿಯಿತು. ಕೊನೆಗೆ ತಾವೇ ಬಾಯಿ ತೆರೆದು ಕೂಗಿದರು: "ಎಬ್ಬಿಸಮ್ಮ ಬೇಗ, ಸತ್ತಾನು!"

ದೇವಕ್ಕ ಗಂಡನ ಬೆನ್ನು ತಟ್ಟಿದಳು. "ದಿನಾ ನನಗ ಇದ ಕೆಲಸ ನೋಡ್ರಿ."

ಸಾಹೇಬರು ಯಂತ್ರವನ್ನೂ ಶೇಕಡಾ ಐವತ್ತನ್ನೂ ಬರೆದುಕೊಟ್ಟರು. ಫಕೀರಪ್ಪ ಎದ್ದು ಸೆಲ್ಯೂಟ್ ಹೊಡೆದ. "ಹುಕುಂ ಪೂರಾ ಮಾಡೇನ್ರಿ ಸಾಹೇಬ್ರ."

ಕೇಳಿದ ನಿಮಗೆಲ್ಲ ಆ ಶಿವನು ತುಂಬು ಉಸಿರನ್ನೂ, ತಟ್ಟಿ ಎಬ್ಬಿಸುವ ಕೈಯನ್ನೂ ಕರುಣಿಸಲಿ.