ಗೂಟ ಹಿಡಿದ ಕೈ

"ಗುರುಗಳೇ, ನನಗೊಂದು ಬೇರೆ ಕಲ್ಲು ಕೊಡಿಸಬಾರದೇ?" ಎಂದು ಅಡವಯ್ಯ ಕೇಳಿದ.

ಮಠಕ್ಕೆ ಬಂದವರಿಗೆಲ್ಲ ದಿನವೂ ಊಟ. ಅದಕ್ಕೆ ಬೇಕಾದ ಜೋಳವನ್ನು ಅಡವಯ್ಯ, ಈರಯ್ಯ ಎಂಬ ಇಬ್ಬರು ಶಿಷ್ಯರು ಎದುರುಬದುರು ಕೂತು ಒಂದೇ ಬೀಸುವ ಕಲ್ಲಿನಲ್ಲಿ ಬೀಸುತ್ತಿದ್ದರು. ಗುರುಗಳು ಅವರೆಕಾಯಿ ಬಿಡಿಸುತ್ತ ಕೂತಿದ್ದವರು ತಲೆ ಎತ್ತಲಿಲ್ಲ.

"ಇರುವ ಕಲ್ಲಿಗೆ ಏನಾಗಿದೆ?"

"ಕಲ್ಲಿಗೆ ಏನೂ ಆಗಿಲ್ಲ. ಒಂದೇ ಕಲ್ಲಾದರೆ ಯಾರ ಸೇವೆ ಎಷ್ಟು ಎಂದು ತಿಳಿಯುವುದಿಲ್ಲ. ಉಂಡವರೆಲ್ಲ ಈರಯ್ಯನ ಹಿಟ್ಟು, ಈರಯ್ಯನ ಹಿಟ್ಟು ಅನ್ನುತ್ತಾರೆ. ನಾನೇನು ಅಲ್ಲಿ ನೊಣ ಹೊಡೆಯುತ್ತ ಕೂತಿರುತ್ತೇನೆಯೇ?"

ಗುರುಗಳಿಗೆ ನಗು ಬಂತು. "ಕೂತುಕೋ. ಕಲ್ಲಿಗಿಂತ ಮುಂಚೆ ಒಂದು ಕತೆ ಕೊಡುತ್ತೇನೆ. ಅದನ್ನು ಹೊರಲಾದರೆ ಕಲ್ಲನ್ನೂ ಹೊರಬಹುದು," ಎಂದು ಶುರು ಮಾಡಿದರು.

ಒಂದೂರಲ್ಲಿ ಒಬ್ಬ ರೈತ. ಅವನಿಗೆ ಇಬ್ಬರು ಗಂಡುಮಕ್ಕಳು, ಮನೆಗೆ ಇಬ್ಬರು ಸೊಸೆಯರು. ಜೋಳ ಬೀಸುವುದು ಸೊಸೆಯರ ಪಾಲಿನ ಕೆಲಸ. ಕಲ್ಲು ದೊಡ್ಡದು, ಇಬ್ಬರು ಕೂತು ಬೀಸುವಂಥದ್ದು. ಹಿರಿಯವಳು ಆ ಕಡೆ, ಕಿರಿಯವಳು ಈ ಕಡೆ, ಒಂದೇ ಗೂಟಕ್ಕೆ ಇಬ್ಬರ ಕೈ. ಹಿರಿಯವಳಿಗೆ ಒಳ್ಳೆಯ ಕಂಠವಿತ್ತು. ಬೀಸುವ ಪದ ಎತ್ತಿದಳೆಂದರೆ ನೀರಿಗೆ ಹೊರಟವರು ಕೊಡ ಇಳಿಸಿ ನಿಲ್ಲುತ್ತಿದ್ದರು. ಕಿರಿಯವಳು ಹಾಡುತ್ತಿರಲಿಲ್ಲ. ಅವಳ ಉಸಿರಿಗೆ ಬೇರೆ ಕೆಲಸವಿತ್ತು.

ಹಿಟ್ಟೆಂದರೆ ಅದು ಹಿಟ್ಟು! ಎಷ್ಟು ತೆಳ್ಳಗೆ ತಟ್ಟಿದರೂ ರೊಟ್ಟಿ ಹರಿಯುತ್ತಿರಲಿಲ್ಲ. ಓಣಿಯವರು ಹೊಗಳಿದರೆ ಹಿರಿಯವಳು ಅಂಗೈ ಚಾಚಿ ತೋರಿಸುತ್ತಿದ್ದಳು. "ನೋಡಿ, ಇಷ್ಟು ವರ್ಷ ಬೀಸಿದ್ದೇನೆ, ಒಂದು ಗಂಟಿಲ್ಲ. ಬೀಸುವುದಕ್ಕೂ ಹದ ಅಂತ ಒಂದಿದೆ. ನಮ್ಮ ತಂಗಿಯ ಕೈ ನೋಡಿ, ಬರೀ ಜಡ್ಡು." ಕಿರಿಯವಳು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ನಗಬೇಡ, ಅಡವಯ್ಯ. ಹಿರಿಯವಳು ಸುಳ್ಳು ಹೇಳುತ್ತಿರಲಿಲ್ಲ, ಹಾಗೆಂದೇ ನಂಬಿದ್ದಳು. ಗೂಟದ ಮೇಲೆ ಅವಳ ಕೈ ಇತ್ತು, ಕೈ ಸುತ್ತುತ್ತಿತ್ತು, ಹಿಟ್ಟು ಬೀಳುತ್ತಿತ್ತು. ನಂಬುವುದಕ್ಕೆ ಇನ್ನೇನು ಬೇಕು?

ಮುಂದೆ ಮಕ್ಕಳು ಮರಿ ಹೆಚ್ಚಿ ಮನೆ ಸಾಲದೆ ಅಣ್ಣ ತಮ್ಮ ಬೇರೆಯಾದರು. ಪಾತ್ರೆ ಪಡಗ ಹಂಚಿದ್ದಾಯಿತು. ಕೊನೆಗೆ ಎರಡು ಬೀಸುವ ಕಲ್ಲು ಉಳಿದವು. ಒಂದು ಈ ದೊಡ್ಡ ಕಲ್ಲು. ಇನ್ನೊಂದು ಹಿತ್ತಿಲಲ್ಲಿ ಬಿದ್ದಿದ್ದ ಸಣ್ಣದು, ಅಂಚು ಮುಕ್ಕಾದದ್ದು. ಹಿರಿಯವಳೇ ಮೊದಲು ಆರಿಸಲಿ ಎಂದಳು ಅತ್ತೆ.

"ಆರಿಸುವಾಗ ಕಲ್ಲು ನೋಡಬೇಡ ಕಣೇ, ನಿನ್ನ ರಟ್ಟೆ ನೋಡಿಕೋ," ಎಂದೂ ಹೇಳಿದಳು.

ಹಿರಿಯವಳಿಗೆ ಮೈ ಉರಿಯಿತು. "ಈ ಮನೆಯ ಹಿಟ್ಟು ಯಾರ ಕೈಯದು ಅಂತ ಊರಿಗೇ ಗೊತ್ತು, ಅತ್ತೆ. ದೊಡ್ಡದು ನನಗಿರಲಿ," ಎಂದಳು. ಕಿರಿಯವಳು ಮುಕ್ಕು ಕಲ್ಲನ್ನು ತೊಳೆದು ಎತ್ತಿಕೊಂಡು ಹೋದಳು.

ಮರುದಿನ ಹಿರಿಯವಳು ತನ್ನ ಮನೆಯಲ್ಲಿ ಕಲ್ಲಿನ ಮುಂದೆ ಕೂತಳು. ಅದರ ಬಾಯಿಗೆ ಜೋಳ ಹಾಕಿದಳು, ಗೂಟ ಹಿಡಿದಳು, ಪದ ಎತ್ತಿದಳು. ಪದ ಮುಂದೆ ಹೋಯಿತು, ಕಲ್ಲು ಹೋಗಲಿಲ್ಲ. ಪದ ನಿಲ್ಲಿಸಿ ಎರಡೂ ಕೈ ಹಾಕಿ ಎಳೆದಳು. ಅರ್ಧ ಸುತ್ತು ಬಂದು ನಿಂತಿತು. ಮೊಣಕಾಲೂರಿ ಎಳೆದಳು, ಏದುಸಿರು ಬಿಟ್ಟಳು. ಅಷ್ಟು ಒದ್ದಾಡಿದ ಮೇಲೆ ಬಿದ್ದದ್ದು ಹಿಟ್ಟಲ್ಲ, ನುಚ್ಚು. ಅವಳಿಗೆ ಒಳಗೆ ಏನೋ ಚುಚ್ಚಿತು. ಏನೆಂದು ನೋಡುವುದಕ್ಕೆ ಧೈರ್ಯ ಬರಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿ ಬಂದಳು.

ಅವತ್ತಿನಿಂದ ಬಾಗಿಲು ಹಾಕಿಕೊಂಡೇ ಬೀಸುವುದಾಯಿತು. ಉಣ್ಣಲು ಕೂತ ಗಂಡ, "ರೊಟ್ಟಿ ತಟ್ಟುವುದು ಮರೆತೆಯೇನೇ? ದಿನಾ ನುಚ್ಚೇ?" ಎಂದ. ಮೈಗೆ ತಂಪು, ಸುಮ್ಮನೆ ಉಣ್ಣು ಎಂದಳು. ಕೈಯಲ್ಲಿ ಬೊಬ್ಬೆ ಎದ್ದವು. ಈಗ ಅಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುವ ಸರದಿ ಅವಳದು. ಅತ್ತೆ ಎದುರಾದರೆ ಬೇರೆ ದಾರಿ ಹಿಡಿಯುತ್ತಿದ್ದಳು. ರಟ್ಟೆಯ ಮಾತು ನೆನಪಾಗಿ ಕಿವಿ ಬಿಸಿಯಾಗುತ್ತಿತ್ತು.

ಒಂದು ದಿನ ಬಾವಿಕಟ್ಟೆಯಲ್ಲಿ ಒಬ್ಬಳು ಕೇಳಿಯೇಬಿಟ್ಟಳು. "ಏನವ್ವಾ, ಬೇರೆಯಾದ ಮೇಲೆ ನಿನ್ನ ಪದವೇ ಕೇಳಲಿಲ್ಲ. ಗಂಟಲು ಕಟ್ಟಿತೇನು?"

ನೀರು ಸೇದುತ್ತಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಬೀಸಲು ಬರುವುದಿಲ್ಲ ಎಂದು ಆ ಹೆಂಗಸರ ನಡುವೆ ಹೇಗೆ ಹೇಳುತ್ತಾಳೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ಕಲ್ಲಿನ ಕೀಲ ಡೊಂಕು ಅಂದಳು. "ಏನು ಹಾಡಲಿ? ಬೇರೆಯಾಗುವಾಗ ನಮ್ಮ ತಂಗಿ ನಡುವಿನ ಕೀಲ ಕಿತ್ತುಕೊಂಡು ಒಂದು ಸೊಟ್ಟ ಕೀಲ ಹೊಡೆದು ಹೋಗಿದ್ದಾಳೆ. ಕಲ್ಲು ತಿರುಗಿದರೆ ತಾನೇ ಪದ!"

ಆಡಿದ ಮೇಲೆ, ನಾಳೆ ಬಂದು ಹಾಗಲ್ಲ ಅಂದರಾಯಿತು ಎಂದುಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯ ಹೊತ್ತಿಗೆ ಕಿರಿಯವಳು ಊರ ಬಾಯಲ್ಲಿ ಕೀಲ ಕದ್ದವಳಾಗಿದ್ದಳು. ಅವಳ ಒಡಹುಟ್ಟಿದ ತಂಗಿಯನ್ನು ಅದೇ ಊರಿಗೆ ಸೊಸೆಯಾಗಿ ತಂದುಕೊಳ್ಳುವ ಮಾತು ನಡೆದಿತ್ತು. ಕದ್ದವಳ ತಂಗಿ ನಮಗೆ ಬೇಡ ಎಂದು ಗಂಡಿನ ಕಡೆಯವರು ಹೇಳಿ ಕಳಿಸಿದರು.

ಇದು ಕಿವಿಗೆ ಬಿದ್ದಾಗ ಹಿರಿಯವಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಥೂ ನನ್ನ ಬಾಳೇ ಎಂದು ತನ್ನನ್ನು ತಾನೇ ಬೈದುಕೊಂಡಳು. ಹೋಗಿ ನಿಜ ಹೇಳಬೇಕೆಂದು ಎದ್ದಳು, ಹೊಸ್ತಿಲವರೆಗೆ ಹೋದಳು, ಓಣಿಯಲ್ಲಿ ಜನ ಕಂಡರು, ಒಳಗೆ ಬಂದಳು. ನಾಚಿಕೆ ಎಂಬುದು ಹಾಗೆ, ಅಡವಯ್ಯ. ತಪ್ಪು ಮಾಡುವಾಗ ತಡೆಯುವುದಿಲ್ಲ, ತಿದ್ದಿಕೊಳ್ಳಲು ಹೊರಟಾಗ ಅಡ್ಡ ನಿಲ್ಲುತ್ತದೆ.

ಕಡೆಗೆ ಅತ್ತೆಯೇ ಊರಿನ ಹಿರಿಯರನ್ನು ಕರೆದುಕೊಂಡು ಹಿರಿಯವಳ ಮನೆಗೆ ಬಂದಳು. ಹಿಂದೆಯೇ ಓಣಿ ಬಂತು. ಕಿರಿಯವಳನ್ನು ಕರೆಸಿ ಕಲ್ಲಿನ ಮುಂದೆ ನಿಲ್ಲಿಸಿದರು. "ಇದು ತಿರುಗಿದರೆ ಕೀಲ ಸರಿಯಿದೆ. ತಿರುಗದಿದ್ದರೆ ಕದ್ದದ್ದು ನಿಜ. ಕೂತು ಬೀಸಮ್ಮ," ಎಂದರು ಹಿರಿಯರು.

ಕಿರಿಯವಳು ಕೂತಳು. ಗೂಟ ಹಿಡಿದಳು. ಒಬ್ಬಳೇ ತಿರುಗಿಸಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಿರಿಯವಳ ಮುಖಕ್ಕೆ ಊರೇ ಉಗಿಯುತ್ತಿತ್ತು. ಅವಳು ತಿರುಗಿಸಲಿಲ್ಲ. ತಲೆ ಎತ್ತಿ, "ಅಕ್ಕಾ, ಎದುರಿಗೆ ಬಾ. ಇದು ಇಬ್ಬರು ಬೀಸುವ ಕಲ್ಲು," ಎಂದಳು.

ಹಿರಿಯವಳು ಬಂದು ಕೂತಳು. ಒಂದೇ ಗೂಟಕ್ಕೆ ಮತ್ತೆ ಇಬ್ಬರ ಕೈ. ಕಲ್ಲು ತಿರುಗಿತು. ಅಂಚಿನಿಂದ ಬೆಳ್ಳನೆಯ ಹಿಟ್ಟು ಸುರಿಯಿತು. ನೋಡಿದ ಹಿರಿಯರಿಗೆ ಹಗುರವಾಯಿತು. "ಇಷ್ಟೇ ಏನು! ಇಬ್ಬರ ಕಲ್ಲನ್ನು ಒಬ್ಬಳೇ ಬೀಸಿದರೆ ಎಲ್ಲಿ ತಿರುಗೀತು? ಪಾಪ, ತಿಳಿಯದೆ ಅಂದಿದ್ದಾಳೆ. ಕೀಲ ಸರಿಯಿದೆ, ಇಬ್ಬರೂ ಒಳ್ಳೆಯವರೇ, ಏಳಿ," ಎಂದರು. ಜನ ಹೊರಡಲು ತಿರುಗಿದರು.

ಹಿರಿಯವಳು ಪಾರಾದಳು ನೋಡು! ಮಾನವೂ ಉಳಿಯಿತು, ಹೆಸರೂ ಉಳಿಯಿತು. ಆದರೆ ಕಲ್ಲು ಇನ್ನೂ ತಿರುಗುತ್ತಿತ್ತು, ಅವಳ ಕೈ ಇನ್ನೂ ಗೂಟದ ಮೇಲಿತ್ತು. ಮೊದಲ ಸಲ ಅವಳು ಆ ಕೈಯನ್ನು ಗಮನಿಸಿದಳು. ಬೇಕೆಂದೇ ಹಿಡಿತ ಸಡಿಲಿಸಿದಳು. ಕೈ ಸುತ್ತುತ್ತಲೇ ಇತ್ತು. ಇಷ್ಟು ವರ್ಷ ಸುತ್ತಿದ್ದೂ ಹೀಗೇ. ಎದುರಿಗೆ ಕಿರಿಯವಳ ಹಣೆಯಲ್ಲಿ ಬೆವರಿತ್ತು, ತನ್ನ ಹಣೆಯಲ್ಲಿ ಇರಲಿಲ್ಲ. ತನಗೆ ನೆರಳಾಗಲೆಂದೇ ಇವಳು ತನ್ನನ್ನು ಎದುರಿಗೆ ಕರೆದಳು ಎಂದು ತಿಳಿದಾಗ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು.

"ನಿಲ್ಲಿ, ನೋಡಿ ಹೋಗಿ," ಎಂದು ಕೂಗಿದಳು.

ಜನ ತಿರುಗಿ ನೋಡಿದರು. ಕಲ್ಲು ಸುತ್ತುತ್ತಿರುವಾಗಲೇ ಅವಳು ಗೂಟದಿಂದ ಕೈ ಎತ್ತಿದಳು. ಎತ್ತಿದ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದಳು.

ಕಲ್ಲು ನಿಲ್ಲಲಿಲ್ಲ. ಮೊದಲಿಗಿಂತ ಸಲೀಸಾಗಿ ತಿರುಗಿತು.

ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡಳು. "ಕೀಲ ಇವಳು ಮುಟ್ಟಿಲ್ಲ. ನಾನು ಕಲ್ಲನ್ನೇ ಯಾವತ್ತೂ ತಿರುಗಿಸಿಲ್ಲ. ಗಂಡಿನ ಕಡೆಯವರಿಗೆ ಹೋಗಿ ಹೇಳಿ," ಎಂದಳು ಹಿರಿಯವಳು. ಆಮೇಲೆ ಎದುರಿನವಳನ್ನು, "ನಿನಗೆ ಮೊದಲೇ ಗೊತ್ತಿತ್ತೇನೇ?" ಎಂದು ಕೇಳಿದಳು.

"ಗೊತ್ತಿತ್ತು ಅಕ್ಕಾ. ನೀನು ಹಾಡುತ್ತಿದ್ದೆಯಲ್ಲ, ನನಗೆ ಅಷ್ಟು ಸಾಕಾಗಿತ್ತು."

ಬೈದಿದ್ದರೆ ತಾಳಿಕೊಳ್ಳುತ್ತಿದ್ದಳು. ಈ ಮಾತು ತಾಳಲಾಗಲಿಲ್ಲ. ಊರೆಲ್ಲ ನೋಡುತ್ತಿರುವಾಗಲೇ ಕಲ್ಲಿನ ಮೇಲೆ ತಲೆಯಿಟ್ಟು ಅತ್ತಳು. ದೊಡ್ಡ ಕಲ್ಲು ಕಿರಿಯವಳ ಮನೆಗೆ ಹೋಯಿತು, ಮುಕ್ಕು ಕಲ್ಲು ಇವಳಿಗೆ ಬಂತು. ಅದರಲ್ಲಿ ಬೀಸುವುದನ್ನು ಅವಳು ಮೊದಲಿನಿಂದ ಕಲಿತಳು. ಇಷ್ಟೇ ಕತೆ.

ಗುರುಗಳು ಬಿಡಿಸಿದ ಅವರೆಕಾಳನ್ನು ಒಟ್ಟು ಮಾಡಿದರು. ಅಡವಯ್ಯ ಕೇಳಿದ.

"ಗುರುಗಳೇ, ಅವಳು ಕೈ ಎತ್ತದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವಲ್ಲ?"

"ನಾಳೆ ಬೀಸುವಾಗ ಒಂದು ಸುತ್ತು ನೀನೂ ಕೈ ಎತ್ತಿ ನೋಡು, ಅಡವಯ್ಯ, ಕಲ್ಲು ನಿಂತರೆ ನಿನಗೆ ಬೇರೆ ಕಲ್ಲು ಕೊಡಿಸುತ್ತೇನೆ."