ಸೆರಗುಬಂಡೆಯ ಹದಿನೇಳು ಕುಳಿ

ಹಿರೇಕುಂಟೆಯನ್ನು ದಾಟಿ ಬಡಗಣಕ್ಕೆ ಅರ್ಧ ಮೈಲಿ ನಡೆದರೆ ರಸ್ತೆಯ ಮಣ್ಣು ಮೆಲ್ಲಗೆ ಬಣ್ಣ ಕಳೆದುಕೊಳ್ಳುತ್ತದೆ. ಮೊದಲು ಕೆಂಪು, ಆಮೇಲೆ ಬೂದಿ, ಕಲ್ಲುಕ್ವಾರಿಯ ಬಾಯಿಗೆ ಬರುವಷ್ಟರಲ್ಲಿ ಅಕ್ಕಿಹಿಟ್ಟಿನ ಬಿಳುಪು. ಬೇಲಿಯ ಎಲೆಗಳ ಮೇಲೆ, ಟೀ ಅಂಗಡಿಯ ಬೆಂಚಿನ ಮೇಲೆ, ಲಾರಿ ಓಡಿಸುವವರ ರೆಪ್ಪೆಗಳ ಮೇಲೆ ಕೂಡ ಅದೇ ಹಿಟ್ಟು. ಗುಡ್ಡದ ಮುಕ್ಕಾಲು ಪಾಲನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಯ್ದು ಸಾಗಿಸಿ ಆಗಿದೆ. ಬಂಡೆ ಕೊಯ್ಯುವ ತಂತಿ ದಿನವಿಡೀ ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿರುತ್ತದೆ. ಮಧ್ಯಾಹ್ನ ಒಂದಕ್ಕೆ ಸೈರನ್ ಕೂಗಿ ಕೆಂಪು ಬಾವುಟ ಏರಿದಾಗ ಮಾತ್ರ ಎಲ್ಲವೂ ನಿಲ್ಲುತ್ತದೆ. ಮದ್ದು ಸಿಡಿದು, ಊರಿನ ಅಡುಗೆಮನೆಗಳ ತಟ್ಟೆಗಳು ಒಮ್ಮೆ ಅಲುಗಿ ಸುಮ್ಮನಾಗುತ್ತವೆ. ಊರವರು ಅದನ್ನೇ ಊಟದ ಹೊತ್ತೆಂದು ಇಟ್ಟುಕೊಂಡಿದ್ದಾರೆ. ಇಷ್ಟೆಲ್ಲದರ ನಡುವೆ ಮೂಡಣ ಅಂಚಿನಲ್ಲಿ ಒಂದು ಬಂಡೆ ಮಾತ್ರ ಹಾಗೇ ಇದೆ. ಅದರ ನೆತ್ತಿಯ ಮೇಲೆ ಗೇಣಿಗೊಂದರಂತೆ ಸಾಲಾಗಿ ಹದಿನೇಳು ಕುಳಿಗಳು. ಕುಳಿ ಕೊರೆದ ಮೇಲೆ ಕಲ್ಲು ಸೀಳಲೇಬೇಕು, ಇಲ್ಲಿ ಸೀಳಿಲ್ಲ. ಹದಿಮೂರನೆಯ ಕುಳಿಯಿಂದ ಆಚೆಗೆ ಬಂಡೆಯ ಮೈಮೇಲೆ ಅಗಲವಾದ ಕಪ್ಪು ಪಟ್ಟೆಯೊಂದು ಇಳಿದಿದೆ, ಒದ್ದೆ ಬಟ್ಟೆಯನ್ನು ಹರವಿದ ಹಾಗೆ. ಎಂಥ ಬಿರುಬೇಸಿಗೆಯಲ್ಲೂ ಅದು ಆರುವುದಿಲ್ಲ. ಕ್ವಾರಿಯ ನಕ್ಷೆಯಲ್ಲೂ, ಹೆಂಗಸರ ಬಾಯಲ್ಲೂ ಅದಕ್ಕೆ ಒಂದೇ ಹೆಸರು: ಸೆರಗುಬಂಡೆ.

ಹಿಂದೆ ಒಮ್ಮೆ, ಈ ಗುಡ್ಡಕ್ಕೆ ಹೆಸರೇ ಇಲ್ಲದಿದ್ದಾಗ, ಇಪ್ಪತ್ತು ಮನೆಯ ಕಲ್ಲುಕುಟಿಗರು ಕತ್ತೆಗಳ ಮೇಲೆ ಉಳಿ, ಸುತ್ತಿಗೆ, ತೊಟ್ಟಿಲು ಹೇರಿಕೊಂಡು ಇಲ್ಲಿಗೆ ಬಂದು ಇಳಿದರು ಎನ್ನುತ್ತಾರೆ. ಎಲ್ಲೂ ಮೂರು ವರ್ಷ ನಿಂತವರಲ್ಲ. ಒಂದೂರ ಗುಡಿ ಮುಗಿದರೆ ಮುಂದಿನೂರ ಬಾವಿ. ಮಕ್ಕಳು ಹುಟ್ಟಿದ ಊರು ಬೇರೆ, ನಡೆಯಲು ಕಲಿತ ಊರು ಬೇರೆ. ಆಗ ಹಿರೇಕುಂಟೆಯ ನಾಡಗೌಡ ಕೆರೆಗೆ ಹೊಸ ತೂಬು ಕಟ್ಟಿಸುತ್ತಿದ್ದ. ತೂಬಿನ ಮೇಲೆ ಕೂರಿಸಲು ಹದಿನೆಂಟು ಗೇಣುದ್ದದ ಅಡ್ಡಗಲ್ಲು, ಬಿರುಕಿಲ್ಲದೆ ಒಂದೇ ಕಲ್ಲಿನಲ್ಲಿ, ಯುಗಾದಿಯೊಳಗೆ ಬೇಕು ಎಂದ. ತಂದುಕೊಟ್ಟರೆ ಗುಡ್ಡವೂ ನಿಮ್ಮದು, ಗುಡ್ಡದ ಬುಡದಲ್ಲಿ ಕೇರಿ ಕಟ್ಟಿಕೊಳ್ಳಿ. ಆಗದಿದ್ದರೆ ಹಬ್ಬದ ಮಾರನೆಯ ದಿನ ಕತ್ತೆ ಹೇರಿಕೊಳ್ಳಿ ಎಂದ. ಕುಟಿಗರ ಹೆಂಗಸರು ಮಾರನೆಯ ದಿನವೇ ಗುಡಿಸಲುಗಳ ಮುಂದೆ ಅವರೆ ಬೀಜ ಊರಿದರು. ಬಳ್ಳಿ ಹಬ್ಬಿ ಕಾಯಿ ಬಿಡುವಷ್ಟು ಕಾಲ ಒಂದು ಕಡೆ ನಿಲ್ಲುವ ಆಸೆ ಅವರಿಗೆ ಆ ಮೊದಲು ಬಂದಿರಲೇ ಇಲ್ಲ.

ಕುಟಿಗರ ಯಜಮಾನ ಕಾಟಪ್ಪ. ಅವನ ಸೊಸೆ ಮುದ್ದಕ್ಕ. ಮಾತು ಕಡಿಮೆ, ಕಣ್ಣು ಕಿವಿ ಚುರುಕು. ಅವಳು ಗುಡಿಸಲ ಮುಂದೆ ಊರಿದ ಬೀಜ ಎರಡೆಲೆ ಒಡೆದಿತ್ತು. ಬೆಳಗಾದರೆ ಮೊದಲು ಅದನ್ನು ನೋಡಿ ಆಮೇಲೆ ಒಲೆ ಹಚ್ಚುತ್ತಿದ್ದಳು. ಕೇರಿಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಅವಳಿಗೆ ಗೊತ್ತಿತ್ತು. ಮಾವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಐವತ್ತು ವರ್ಷ ಉಳಿಯ ತಲೆಗೆ ಸುತ್ತಿಗೆ ಬಡಿದ ಸದ್ದು ಕಿವಿಯೊಳಗೇ ಗೂಡು ಕಟ್ಟಿಕೊಂಡು, ಹೊರಗಿನ ಸದ್ದಿಗೆ ಜಾಗವಿಲ್ಲದಂತೆ ಮಾಡಿತ್ತು. ಬೆನ್ನ ಹಿಂದೆ ನಿಂತು ಕರೆದರೆ ಆತ ತಿರುಗುತ್ತಿರಲಿಲ್ಲ. ಯಜಮಾನಿಕೆಯ ಗತ್ತು ಎಂದು ಉಳಿದವರು ತಿಳಿದರು. ಮುದ್ದಕ್ಕ ಮಾತ್ರ ಎದುರು ಬಂದು, ತುಟಿ ಕಾಣುವ ಹಾಗೆ ನಿಂತು, "ಮಾವ, ಅಂಬಲಿ" ಅನ್ನುತ್ತಿದ್ದಳು. ಅವಳಿಗೆ ಗೊತ್ತೆಂಬುದು ಅವನಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಿದವರಲ್ಲ.

ಕುಟಿಗರಲ್ಲಿ ಒಂದು ಕಟ್ಟಳೆ ಇತ್ತು. ಬಂಡೆಯನ್ನು ಸೀಳುವ ಮೊದಲು ಯಜಮಾನ ಸುತ್ತಿಗೆಯಿಂದ ಅದನ್ನು ಉದ್ದಕ್ಕೂ ತಟ್ಟಿ ನೋಡಬೇಕು. ಗಟ್ಟಿಕಲ್ಲು ಕಂಚಿನ ಹಾಗೆ ಕೊನೆಯವರೆಗೂ ದನಿ ಎಳೆಯುತ್ತದೆ. ಒಳಗೆ ಬಿರುಕಿದ್ದರೆ ದನಿ ಮಣ್ಣಿನಲ್ಲಿ ಬಿದ್ದ ಹಾಗೆ ಸತ್ತುಹೋಗುತ್ತದೆ. ಯಜಮಾನ ತಟ್ಟಿ ಹೂಂ ಅಂದಮೇಲೆ ಅದೇ ಬಂಡೆಯನ್ನು ಮತ್ತೊಬ್ಬರು ತಟ್ಟುವಂತಿಲ್ಲ. ತಟ್ಟಿದರೆ ಅವನ ಸುತ್ತಿಗೆಗೆ ಉಗುಳಿದಂತೆ. ಆ ದಿನ ಕಾಟಪ್ಪ ಮೂಡಣ ಬಂಡೆಯನ್ನು ಹದಿನೇಳು ಕಡೆ ತಟ್ಟಿದ. ಪ್ರತಿ ಪೆಟ್ಟಿಗೂ ಕಣ್ಣು ಮುಚ್ಚಿ ತಲೆದೂಗಿದ. ನೀರಿನ ಗಡಿಗೆ ಹೊತ್ತು ತುದಿಯಲ್ಲಿ ನಿಂತಿದ್ದ ಮುದ್ದಕ್ಕನಿಗೆ ಹನ್ನೆರಡು ದನಿ ಕೇಳಿಸಿದವು. ಹದಿಮೂರನೆಯದು ಅರ್ಧಕ್ಕೇ ಬಿತ್ತು. ಆಮೇಲಿನವು ಬರಲೇ ಇಲ್ಲ. "ಗಂಟೆಯಂಥ ಕಲ್ಲು" ಎಂದ ಕಾಟಪ್ಪ. ಗಂಡಸರು ಕುಳಿ ಕೊರೆಯಲು ಕೂತರು.

ಸಂಜೆ ಅವಳು ಗಂಡ ಹೊನ್ನೂರನಿಗೆ ಹೇಳಿ ನೋಡಿದಳು.

"ಆ ಕಡೆ ತುದಿ ಸರಿಯಿಲ್ಲ. ದನಿ ಸತ್ತೋಯ್ತು."

"ಅಪ್ಪ ತಟ್ಟಿ ಆಯ್ತಲ್ಲ."

"ತಟ್ಟಿದ್ದು ಹೌದು. ನೀನು ಕೇಳಿದೆಯಾ?"

"ನಾನ್ಯಾಕೆ ಕೇಳಲಿ? ಕೇಳೋಕೆ ಅಂತ ಅಪ್ಪ ಅವನೆ, ಕುಳಿ ತೋಡೋಕೆ ನಾನಿದೀನಿ, ನೀರು ಹೊಯ್ಯೋಕೆ ನೀನಿದೀಯ. ಇನ್ನು ಸೊಸೆ ಕೇಳಿ ಕಲ್ಲು ಒಡೀತಾರೆ ಅಂತ ಆದ್ರೆ ಕತ್ತೇನೂ ಒಂದು ಮಾತು ಕೇಳಿಬಿಡಾಣ, ತಡಿ."

ಬೆಳಗ್ಗೆ ಹದಿನೇಳು ಕುಳಿಗೂ ಒಣಗಿದ ಜಾಲಿಯ ಬೆಣೆಗಳನ್ನು ಬಡಿದು ಕೂರಿಸಿದರು. ಇನ್ನು ಕೆಲಸ ಮುದ್ದಕ್ಕನದು. ಬೆಣೆಗಳ ಮೇಲೆ ಬಟ್ಟೆ ಹಾಸಿ ಹೊತ್ತು ಮುಳುಗುವವರೆಗೆ ನೀರು ಉಣಿಸುತ್ತಿದ್ದರೆ ಮರ ನೀರು ಕುಡಿದು ಉಬ್ಬುತ್ತದೆ. ಬಿಸಿಲು ಇಳಿದು ಕಲ್ಲು ತಣಿಯುವಾಗ ಗೆರೆ ಎಳೆದಂತೆ ಬಂಡೆ ತಾನಾಗಿ ಬಾಯಿಬಿಡುತ್ತದೆ. ಅವಳು ತನ್ನ ಮದುವೆಯ ಹಳೆಯ ಸೀರೆಯನ್ನು ತಂದು ಸಾಲಿನುದ್ದಕ್ಕೆ ಹಾಸಿದಳು. ಅದರ ಸೆರಗು ಹದಿಮೂರನೆಯ ಕುಳಿಯಿಂದ ಆಚೆಗೆ ಬಂತು. ಗಂಡಸರೆಲ್ಲ ಬಂಡಿ ಕಟ್ಟಲು ಊರ ಕಡೆ ಹೋದರು. ಬಂಡೆಯ ಕೆಳಗೆ ಮೂವತ್ತು ಮೆಟ್ಟಿಲು ಇಳಿದರೆ ದೊಣೆ. ಕಲ್ಲಿನ ಬಟ್ಟಲಿನಲ್ಲಿ ತಂತಾನೇ ನಿಂತ ನೀರು. ಕೇರಿ ಕುಡಿಯುವುದು, ಊರ ದನ ಕುಡಿಯುವುದು ಅದನ್ನೇ. ಕೆರೆ ಬತ್ತಿದ ವರ್ಷವೂ ಅದು ಬತ್ತಿರಲಿಲ್ಲ. ಮುದ್ದಕ್ಕ ಇಳಿದು ತುಂಬುವಳು, ಹತ್ತಿ ಹೊಯ್ಯುವಳು. ನೆತ್ತಿಯ ಮೇಲೆ ಬಿಸಿಲು ಬಂತು. ಬಯಲೆಲ್ಲ ನಡುಗುವ ನೀರಿನ ಹಾಗೆ ಕಂಡಿತು. ದೂರದ ಮರಗಳು ಬುಡ ಬಿಟ್ಟು ತೇಲಿದವು. ಊರು ಇತ್ತೋ ಇಲ್ಲವೋ ಎಂಬಂತಾಯಿತು. ಕಣ್ಣಿಗೆ ಕತ್ತಲೆ ಬಂದು ಅವಳು ಸೆರಗಿನ ಮೇಲೆಯೇ ಕುಸಿದು, ಒದ್ದೆ ಬಟ್ಟೆಗೆ ಕೆನ್ನೆಯಿಟ್ಟಳು.

ಕಲ್ಲಿನೊಳಗೆ ಯಾರೋ ನಡೆಯುತ್ತಿದ್ದರು. ಮೊದಲು ಹಾಗನಿಸಿತು. ಬರಿಗಾಲಿನ, ಅವಸರವಿಲ್ಲದ ನಡಿಗೆ. ಕಿವಿಯೊತ್ತಿ ಕೇಳಿದರೆ ನಡಿಗೆಯಲ್ಲ, ನೀರು. ಸಣ್ಣಗೆ, ಎಳೆ ಎಳೆಯಾಗಿ, ತನ್ನಷ್ಟಕ್ಕೆ ತಾನು ಏನೋ ಹೇಳಿಕೊಳ್ಳುತ್ತ ಕೆಳಗೆ ದೊಣೆಯ ಕಡೆಗೆ ಇಳಿಯುತ್ತಿತ್ತು. ಅವಳು ಬೆಳಗಿನಿಂದ ಹೊತ್ತು ತಂದದ್ದು ಅದೇ ನೀರು. ಅದೇ ನೀರನ್ನು ಬೆಣೆಗೆ ಉಣಿಸಿ, ಅದು ಬರುವ ದಾರಿಯನ್ನೇ ತಾನು ಸೀಳಿಸುತ್ತಿದ್ದೇನೆ ಎಂಬುದು ಅವಳಿಗೆ ನಿದ್ದೆಯಲ್ಲಿ ಹೊಳೆದಂತೆ ಹೊಳೆಯಿತು. ಬಂಡೆ ಬಿರಿದರೆ ಅಡ್ಡಗಲ್ಲು ಹದಿಮೂರನೆಯ ಕುಳಿಗೆ ಮುರಿಯುವುದು, ನೀರು ಬಂಡೆಯ ಹೊರಮೈಗೆ ಹರಿದು ಬಿಸಿಲಿಗೆ ಹೋಗುವುದು. ನೀರು ಹೊಯ್ಯದಿದ್ದರೆ ಯಜಮಾನ ಹೂಂ ಅಂದ ಬಂಡೆಯನ್ನು ಸೊಸೆ ಕೆಡಿಸಿದಳೆಂದಾಗುವುದು. ಯುಗಾದಿಗೆ ಹತ್ತೇ ದಿನ. ಅವಳು ಬಹಳ ಹೊತ್ತು ಕೆನ್ನೆ ಎತ್ತಲಿಲ್ಲ. ಆಮೇಲೆ ಎದ್ದು ಸೀರೆಯನ್ನು ಮೆಲ್ಲಗೆ ಸುತ್ತಿ ತೆಗೆದಳು. ಗಡಿಗೆಯನ್ನು ಬೋರಲು ಹಾಕಿ ಅದರ ಪಕ್ಕ ಕೂತಳು. ಬಿಸಿಲು ಬೆಣೆಗಳ ನೀರನ್ನೆಲ್ಲ ಕುಡಿಯಿತು. ಹೊತ್ತು ಇಳಿಯುವಷ್ಟರಲ್ಲಿ ಅವು ಸೊರಗಿ, ಕೈಯಲ್ಲಿ ಅಲುಗಿಸಿದರೆ ಅಲುಗುವಂತಾದವು.

ಮೊದಲು ಹತ್ತಿ ಬಂದವನು ಕಾಟಪ್ಪ. ಒಣಗಿದ ಬೆಣೆ ನೋಡಿದ, ಬೋರಲು ಬಿದ್ದ ಗಡಿಗೆ ನೋಡಿದ. ಮುಖ ಕಲ್ಲಾಯಿತು. ಮುದ್ದಕ್ಕ ಎದುರು ಬಂದು ನಿಂತಳು. ತುಟಿ ತೆರೆದಳು, ಮುಚ್ಚಿದಳು. ಮಾತಿನಲ್ಲಿ ಹೇಳಿದರೆ ಅವನ ಕಿವುಡನ್ನೇ ಆಡಿ ತೋರಿಸಿದಂತಾಗುತ್ತಿತ್ತು. ಅವಳು ಮಾವನ ಕೈ ಹಿಡಿದಳು. ಸೊಸೆ ಮಾವನನ್ನು ಮುಟ್ಟುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಅವನ ಒರಟು ಅಂಗೈಯನ್ನು ಮೊದಲ ಕುಳಿಯ ಪಕ್ಕ ಬಂಡೆಗೆ ಒತ್ತಿಟ್ಟು, ಬಿದ್ದಿದ್ದ ಸುತ್ತಿಗೆ ಎತ್ತಿ, ಯಜಮಾನ ತಟ್ಟಿದ ಬಂಡೆಯನ್ನು ತಾನು ತಟ್ಟಿದಳು. ಅಂಗೈಯೊಳಗೆ ಜೇನುಹುಳ ಗುಂಯ್‌ಗುಟ್ಟಿದ ಹಾಗೆ ಕಲ್ಲು ನಡುಗಿತು. ಕಾಟಪ್ಪನ ರೆಪ್ಪೆ ಅದುರಿತು. ಒಂದೊಂದೇ ಕುಳಿಗೆ ಕೈಯನ್ನು ಸರಿಸುತ್ತ ಹೋದಳು. ಹನ್ನೆರಡರವರೆಗೆ ಜೇನು. ಹದಿಮೂರರಲ್ಲಿ ಏನೂ ಇಲ್ಲ. ಅಲ್ಲಿ ಅವಳು ತಟ್ಟುವುದನ್ನು ನಿಲ್ಲಿಸಿದಳು. ಕೈಯನ್ನು ಮಾತ್ರ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ತಣ್ಣನೆಯ ಒಂದು ಸೆಳೆತ ಅಂಗೈಯ ಕೆಳಗೆ ಹಾದುಹೋಗುತ್ತಿರುವುದು ಮುದುಕನಿಗೆ ತಿಳಿಯಿತು. ಎಷ್ಟೋ ವರ್ಷಗಳ ಮೇಲೆ ಅವನಿಗೆ ಏನೋ ಕೇಳಿಸಿತ್ತು. ಅವನು ಆ ಕೈಯನ್ನು ಬಂಡೆಯ ಮೇಲೇ ಇಟ್ಟು, ಇನ್ನೊಂದು ಕೈಗೆ ಎಟುಕಿದ ಬೆಣೆಗಳನ್ನು ಒಂದೊಂದಾಗಿ ಕಿತ್ತು ಸೊಸೆಯ ಮಡಿಲಿಗೆ ಹಾಕಿದ ಎನ್ನುತ್ತಾರೆ.

ಮಾರನೆಯ ಬೆಳಗ್ಗೆ ನಾಡಗೌಡ ಕಲ್ಲು ನೋಡಲು ಬಂದ. ಸೀಳದ ಬಂಡೆ ಕಂಡು ನಕ್ಕ.

"ಏನಯ್ಯಾ ಕಾಟಪ್ಪ, ಬಂಡೆಗೆ ಕಿವಿ ಚುಚ್ಚಿ ಬಿಟ್ಟಿದೀಯಲ್ಲ. ಓಲೆ ನಾನು ಹಾಕಿಸಬೇಕಾ?"

ಕಾಟಪ್ಪ ಗೌಡನ ತುಟಿಯನ್ನು ಓದಿ, ತಲೆಯ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡ. "ನನ್ನ ಕಿವಿ ಹೋಗಿ ಆರು ವರ್ಷ ಆಯ್ತು ಗೌಡ್ರೆ. ಈವತ್ತು ನಮ್ಮೋರ ಮುಂದೆ ಹೇಳ್ತಾ ಇದೀನಿ. ನಾನು ಹೂಂ ಅಂದಿದ್ದು ಸುಳ್ಳು. ಒಳಗೆ ನಿಮ್ಮ ದನ ಕುಡಿಯೋ ನೀರು ಹರೀತದೆ. ಅಲ್ಲಿ ನನ್ನ ಸೊಸೆ ಸೆರಗು ಹಾಸವಳೆ. ಅದನ್ನ ದಾಟಿ ನನ್ನ ಉಳಿ ಹೋಗಲ್ಲ. ಒಂಬತ್ತು ದಿನ ಉಳಿದದೆ. ಪಡುವಣ ಬಂಡೆಲಿ ಕಲ್ಲು ಏಳಿಸ್ತೀವಿ. ಆಗದಿದ್ರೆ ಕತ್ತೆ ಹೇರ್ತೀವಿ."

ಹೊನ್ನೂರ ತಲೆ ತಗ್ಗಿಸಿದ. ಗೌಡ ನಂಬಲಿಲ್ಲ; ಆದರೂ ಬಗ್ಗಿ, ಉಂಗುರದ ಕೈಯನ್ನು ಮುದ್ದಕ್ಕ ತೋರಿಸಿದ ಕಡೆ ಇಟ್ಟ. ಇಟ್ಟವನು ಬೇಗ ತೆಗೆಯಲಿಲ್ಲ. ಎದ್ದು, "ಒಂಬತ್ತು ದಿನ" ಎಂದಷ್ಟೇ ಹೇಳಿ ಹೋದ. ಪಡುವಣ ಬಂಡೆಯನ್ನು ಇಬ್ಬರು ತಟ್ಟಿದರು. ಸುತ್ತಿಗೆ ಸೊಸೆಯದು, ಅಂಗೈ ಮಾವನದು. ಯುಗಾದಿಯ ಬೆಳಗ್ಗೆ ಬೇವಿನೆಲೆಯ ತೋರಣ ಕಟ್ಟಿದ ಅಡ್ಡಗಲ್ಲು ತೂಬಿನ ಮೇಲೆ ಕೂತಿತು. ಕೇರಿಯ ಅವರೆಬಳ್ಳಿ ಆ ವರ್ಷ ಗುಡಿಸಲುಗಳ ಸೂರು ಹತ್ತಿತು.

ಈಗ ಗುಡಿಸಲುಗಳಿಲ್ಲ; ಕೇರಿಯಲ್ಲಿ ಆರ್‌ಸಿಸಿ ಮನೆಗಳಿವೆ, ಬಾಗಿಲಿಗೊಂದು ಅವರೆಬಳ್ಳಿ ಮಾತ್ರ ಇದೆ. ಕ್ವಾರಿಯಲ್ಲಿ ಯಂತ್ರ ಹಿಡಿಯುವವರಲ್ಲಿ ಅರ್ಧ ಜನ ದೂರದ ಊರುಗಳವರು, ಈ ಕಥೆ ಪೂರ್ತಿ ಕೇಳದವರು. ಆದರೂ ಹೊಸ ಬಂಡೆಗೆ ಡ್ರಿಲ್ ಇಡುವ ಮೊದಲು ಒಬ್ಬ ತಟ್ಟುತ್ತಾನೆ, ಇನ್ನೊಬ್ಬ ಕೈಗವಸು ಕಳಚಿ ಅಂಗೈ ಇಡುತ್ತಾನೆ. ಸೆರಗುಬಂಡೆಯ ಕೆಳಗೆ ದೊಣೆ ಇಂದಿಗೂ ತುಂಬಿದೆ. ಮೇಲೆ ಬಿಳಿಯ ಕಲ್ಲುಹಿಟ್ಟಿನ ಕೆನೆ, ಕೈಯಿಂದ ಸರಿಸಿದರೆ ತಿಳಿನೀರು. ನೋಡಬಂದವರು ಹದಿನೇಳು ಕುಳಿಗಳನ್ನು ಎಣಿಸುತ್ತಾರೆ, ಆರದ ಸೆರಗಿನ ಮೇಲೆ ಬೆರಳಾಡಿಸುತ್ತಾರೆ. ಒಂದು ಗಂಟೆಗೆ ಸೈರನ್ ಕೂಗಿ ತಂತಿಯ ಗುಂಯ್‌ಕಾರ ನಿಂತು, ಮದ್ದು ಸಿಡಿಯುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ, ಹದಿಮೂರನೆಯ ಕುಳಿಯಾಚೆ ಅಂಗೈ ಇಟ್ಟವರು ಯಾರೂ ಅದನ್ನು ಕೂಡಲೇ ತೆಗೆಯುವುದಿಲ್ಲ.