ಕೆಮ್ಮುವ ಗಾಂಧಾರ

“ಗುರುಗಳೇ, ನನ್ನ ಕಡೆ ಒಂದು ಹಳೇ ಅನಲಾಗ್ ಸಿಂಥಸೈಸರ್ ಅದ. ಕಂಪನಿಯವ್ರು ಅಂಥಾವು ಮಾಡಿದ್ದ ಬೆರಳೆಣಿಕಿಯಷ್ಟು. ಈಗ ಬಿಸಿ ಏರಿದ್ರ ಶ್ರುತಿ ಜಾರ್ತದ. ಹೊಸ ಭಾಗ ಹಾಕಿಸಿದ್ರ ಶ್ರುತಿ ನಿಲ್ತದ, ಖರೆ ಅಸಲಿತನ ಹೋಗ್ತದ. ಹಾಕಿಸ್ಲೋ ಬಿಡ್ಲೋ?”

ಕೇಳಿದವನು ಮುರಿಗೆಪ್ಪ. ಮದುವೆ ಆರ್ಕೆಸ್ಟ್ರಾಗಳಲ್ಲಿ ಆ ಕೀಬೋರ್ಡ್ ವಾದ್ಯ ನುಡಿಸುವವನು. ಬಿಡುವಾದಾಗ ಗುರುಗಳ ಬಳಿ ಹಾಡು ಕಲಿಯುತ್ತಿದ್ದ. ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿ ಹೇಳತೊಡಗಿದರು.

ಒಂದು ನಾಟಕ ಕಂಪನಿ. ಅದರಲ್ಲಿ ಹಾರ್ಮೋನಿಯಂ ನುಡಿಸುವ ಒಬ್ಬ ಪೇಟಿ ಮಾಸ್ತರ. ಅವನ ಪೇಟಿ ಅಂತಿಂಥದ್ದಲ್ಲ. ಅದನ್ನು ಮಾಡಿದವನು ಅಂಥವು ನಾಲ್ಕೈದನ್ನು ಮಾಡಿ, ಇನ್ನು ಸಾಕೆಂದು ಕೈತೊಳೆದುಕೊಂಡಿದ್ದ. ಹೋದ ಹೋದ ಊರಲ್ಲಿ ಜನ ಮೊದಲು ಪೇಟಿಯನ್ನು ನೋಡಿ, ಆಮೇಲೆ ಮಾಸ್ತರನನ್ನು ನೋಡುತ್ತಿದ್ದರು. ಮಾಸ್ತರನಿಗೆ ಅಷ್ಟೇ ಸಾಕಾಗಿತ್ತು. ಪೇಟಿಯ ಮೇಲಿನ ಧೂಳು ಒರೆಸಲೂ ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಧೂಳೂ ಹಳೆಯದೇ ತಾನೆ!

ಒಂದು ದಿನ ಪೇಟಿಯ ಗಾಂಧಾರ ಸ್ವರ ಕೆಟ್ಟಿತು. ಒತ್ತಿದರೆ ಮೇಕೆ ಅರಚಿದಂತಾಗುತ್ತಿತ್ತು. ಒಳಗಿನ ರೀಡು ಸವೆದಿತ್ತು, ಅಷ್ಟೇ. ಚಿಕ್ಕದೊಂದು ಹಿತ್ತಾಳೆಯ ಪಟ್ಟಿ, ಬದಲಿಸಿದರೆ ಮುಗಿಯಿತು. ತಬಲಾದವನು ತಾನೇ ಬದಲಿಸಿಕೊಡುತ್ತೇನೆಂದ. ಮಾಸ್ತರ ಅವನೊಡನೆ ಮಾತು ಬಿಟ್ಟ. ಇಂದು ರೀಡು, ನಾಳೆ ತಿದಿ, ನಾಡಿದ್ದು ಪೆಟ್ಟಿಗೆಯೇ. ಕೊನೆಗೆ ಅದು ಎಲ್ಲರ ಪೇಟಿಯಂಥ ಒಂದು ಪೇಟಿ, ತಾನು ಹತ್ತರಲ್ಲಿ ಹನ್ನೊಂದನೆಯ ಮಾಸ್ತರ. ಈ ಭಯ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಅವನೊಂದು ಉಪಾಯ ಹೂಡಿದ. ಹಾಡಿನಲ್ಲಿ ಗಾಂಧಾರ ಬಂದಾಗಲೆಲ್ಲ ಅದನ್ನು ಒತ್ತದೆ ಬಿಟ್ಟು, ಆ ಜಾಗದಲ್ಲಿ ಗಟ್ಟಿಯಾಗಿ ಕೆಮ್ಮತೊಡಗಿದ. ಮೇಕೆಗಿಂತ ಕೆಮ್ಮು ಮೇಲು ಎಂದುಕೊಂಡ.

ಕಂಪನಿಯಲ್ಲಿ ಹಾಡು ಕಲಿಯುವುದು ಕಿವಿಯಿಂದ. ಹೊಸದಾಗಿ ಸೇರಿದ ನಟಿ ಮಾಸ್ತರನ ಮುಂದೆ ಕುಳಿತು, ಅವನು ಹೇಳಿಕೊಟ್ಟಂತೆ ಕಲಿತಳು. ಕೆಮ್ಮನ್ನೂ ಕಲಿತಳು, ತಾಳ ತಪ್ಪದೆ ಕಲಿತಳು. ರಾಜಕುಮಾರನ ಪಾತ್ರದ ನಟನೂ ಹಾಗೆಯೇ ಕಲಿತ. ಆಟದ ದಿನ ರಾಜಕುಮಾರಿ ಪ್ರಿಯನನ್ನು ನೆನೆದು ಹಾಡಿದಳು, ಸಾಲಿಗೊಮ್ಮೆ ಕೆಮ್ಮಿದಳು. ರಾಜಕುಮಾರ ಹಾಡಿನಲ್ಲೇ ಉತ್ತರ ಕೊಟ್ಟ, ಅವನೂ ಕೆಮ್ಮಿದ. ಇಬ್ಬರಿಗೂ ಕಷಾಯ ಕೊಡಿ ಎಂದು ಹಿಂದಿನಿಂದ ಯಾರೋ ಕೂಗಿದರು. ಕಂಪನಿಯ ಮಾಲೀಕ ತಲೆ ಚಚ್ಚಿಕೊಂಡ. ನಾಳೆಯ ಆಟದೊಳಗೆ ಪೇಟಿ ಸರಿಯಾಗದಿದ್ದರೆ ಬೇರೆ ಮಾಸ್ತರನನ್ನು ಕರೆಸುತ್ತೇನೆ ಎಂದುಬಿಟ್ಟ.

ಅಂದು ನೋಡಲು ಬಂದವರಲ್ಲಿ ಆ ಪೇಟಿ ಮಾಡಿದವನೇ ಇದ್ದ. ಈಗ ಮುದುಕನಾಗಿದ್ದ. ಆಟ ಮುಗಿದ ಮೇಲೆ ಒಳಗೆ ಬಂದು, “ತಾ ಇಲ್ಲೆ. ಆ ರೀಡು ತಗದು ಬ್ಯಾರೆ ಹಾಕಿ ಕೊಡ್ತೀನಿ” ಎಂದ.

ಮಾಸ್ತರ ಪೇಟಿಯನ್ನು ಎದೆಗವಚಿಕೊಂಡ. “ಬ್ಯಾಡ್ರಿ ಅಜ್ಜಾರ. ನೀವು ಮುಟ್ಟಿದ್ರ ಇದರ ಅಸಲಿತನ ಹೋಗ್ತದ.”

ಮುದುಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ನಾ ಇದರಾಗ ಗಾಂಧಾರ ಇಟ್ಟಿದ್ದೆ ಮಾಸ್ತರ, ಕೆಮ್ಮು ಇಟ್ಟಿದ್ದಿಲ್ಲ” ಎಂದ.

ಮಾಸ್ತರ ಕಣ್ಣು ಒರೆಸಿಕೊಳ್ಳುತ್ತ ಪೇಟಿಯನ್ನು ಮುಂದೆ ಸರಿಸಿದ. ಮುದುಕ ರೀಡು ಬದಲಿಸಿ, ಸಾಲದ್ದಕ್ಕೆ ಧೂಳನ್ನೂ ಒರೆಸಿ ಹೋದ.

ಮರುದಿನದ ಆಟಕ್ಕೆ ಮಾಸ್ತರ ಅಳುಕುತ್ತಲೇ ಕುಳಿತ. ಗಾಂಧಾರ ತುಂಬಿ ನುಡಿಯಿತು. ಅವನಿಗೆ ಹೋದ ಜೀವ ಬಂದಂತಾಯಿತು. ಆದರೆ ರಾಜಕುಮಾರಿ ಅಲ್ಲೇ ಕೆಮ್ಮಿದಳು. ಅವಳ ಹಿಂದೆಯೇ ರಾಜಕುಮಾರ ಕೆಮ್ಮಿದ. ಮಾಸ್ತರ ಇಬ್ಬರನ್ನೂ ಕೆಂಗಣ್ಣಿನಿಂದ ನೋಡಿದ. ನೋಡುತ್ತಲೇ ತಾನೂ ಕೆಮ್ಮಿದ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ತಿಳೀತ್ರಿ ಗುರುಗಳೇ. ನಾಳೆನ ಹೊಸ ಭಾಗ ಹಾಕಿಸಿಬಿಡ್ತೀನಿ.”

“ಹಾಕಿಸು, ಅದಕ್ಕೂ ಮೊದ್ಲ ಆ ಸಿಂಥಸೈಸರ್ ಇಲ್ದ ಒಂದು ಹಾಡು ಹಾಡು, ಜಾರಿದ್ದು ಅದರ ಶ್ರುತಿನೋ ನಿಂದೋ ಕೇಳೂಣು.”